ಒಂದಕ್ಕೆ ಮಾತ್ರ ಬಣ್ಣ

ನನ್ನ ಬಾಯಿಂದ ದಿನಕ್ಕೆ ಹತ್ತು ಸಲವಾದರೂ ಬರುವ ಮಾತು ‘ಚೆನ್ನಾಗಿದೆ’. ಉಪ್ಪು ಮರೆತ ಸಾರಿಗೂ ಚೆನ್ನಾಗಿದೆ, ಸೊಂಟದಲ್ಲಿ ನಿಲ್ಲದ ಸೀರೆಗೂ ಚೆನ್ನಾಗಿದೆ, ಯಾರೋ ತೋರಿಸಿದ ಯಾರದೋ ಮಗುವಿನ ಫೋಟೋಗೂ ಚೆನ್ನಾಗಿದೆ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದವಳು ನಾನು. ಅಲ್ಲಿ ಹೆಣ್ಣುಮಕ್ಕಳು ಗೋಡೆ ಪಕ್ಕ ಕೂತು, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಬೇಕಿತ್ತು. ಕೇಳದೆ ಇದ್ದದ್ದನ್ನು ಹೇಳುವ ಅಭ್ಯಾಸ ಎಪ್ಪತ್ತೆರಡು ತುಂಬಿದರೂ ಬಂದಿಲ್ಲ. ಅದಕ್ಕೇ ಅನಘಾ, ಸಿರಿ, ನನ್ನ ಮೊಮ್ಮಕ್ಕಳೇ, ಎದುರಿಗೆ ಹೇಳಲಾಗದ್ದನ್ನು ನಿಮಗೆ ಹೀಗೆ ಬರೆದಿಡುತ್ತಿದ್ದೇನೆ. ಓದಿ ನಗಬೇಡಿ ಎಂದರೆ ನೀವು ಕೇಳುವವರಲ್ಲ. ನಕ್ಕುಕೊಂಡೇ ಓದಿ.

ವಿಷಯ ಇಷ್ಟೇ. ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಯ ಮೇಲೆ ಒಂದು ಮಹಡಿ ಎದ್ದಿತು. ನಿಮ್ಮ ಅಮ್ಮ, ಅಂದರೆ ನನ್ನ ಮಗಳು ಗೀತಾ, ರಾಜರಾಜೇಶ್ವರಿನಗರದ ಬಾಡಿಗೆ ಮನೆ ಬಿಟ್ಟು ಎಲ್ಲರನ್ನೂ ಕರೆದುಕೊಂಡು ಅಲ್ಲಿಗೆ ಬರುವುದೆಂದಾಯಿತು. ಗೃಹಪ್ರವೇಶಕ್ಕೆ ಎರಡು ದಿನ ಇರುವಾಗ ಅನಘಾಳ ಕಣ್ಣಿಗೆ ನಡುಮನೆಯ ದೊಡ್ಡ ಗೋಡೆ ಖಾಲಿ ಕಂಡಿತು. ಅಜ್ಜಿ ತಾತನ ಫೋಟೋ ಒಂದನ್ನು ದೊಡ್ಡದು ಮಾಡಿಸಿ ಹಾಕೋಣ ಎಂದಳು. ಒಳ್ಳೆಯ ಮಾತು. ತಾತ ಹೋಗಿ ಒಂಬತ್ತು ವರ್ಷವಾಯಿತು. ಹೊಸ ಮನೆಯನ್ನು ಅವರೂ ನೋಡಲಿ ಎಂದು ನನಗೂ ಅನಿಸಿತ್ತು.

ಆಲ್ಬಮ್ಮಿನಿಂದ ಅವಳು ಆರಿಸಿದ್ದು ಇದೇ ಮನೆಗೆ ತಾರಸಿಯ ಮೋಲ್ಡು ಹಾಕಿದ ದಿನದ ಫೋಟೋ. ಹಿಂದೆ ಸರ್ವೆ ಮರದ ಕಂಬಗಳ ಮೇಲೆ ನಿಂತ ಸೂರು, ಪಕ್ಕದಲ್ಲಿ ಜಲ್ಲಿ ರಾಶಿ, ಮುಂದೆ ನಾವಿಬ್ಬರು. ಅದು ನಮ್ಮ ಮನೆಗೆ ಬಂದ ಮೊದಲ ಬಣ್ಣದ ಫೋಟೋ. ಅದುವರೆಗೆ ನಾವು ಕಪ್ಪು ಬಿಳುಪಿನಲ್ಲೇ ಮದುವೆಯಾಗಿ, ಕಪ್ಪು ಬಿಳುಪಿನಲ್ಲೇ ಮಗಳಿಗೆ ನಾಮಕರಣ ಮಾಡಿ ಮುಗಿಸಿದ್ದೆವು. ತೆಗೆದವರು ತಾತನ ಕಾರ್ಖಾನೆಯ ಗೆಳೆಯರು. ರೀಲು ಮುಗಿಯುವ ತನಕ ಅದನ್ನು ತೊಳೆಸಲು ಕೊಡುವ ಹಾಗಿರಲಿಲ್ಲ, ಅವರೋ ಒಂದೊಂದು ಫೋಟೋವನ್ನೂ ಹಬ್ಬದ ಎಣ್ಣೆಯ ಹಾಗೆ ಹಿಡಿದು ಹಿಡಿದು ಬಳಸುವವರು. ಮೋಲ್ಡು ಒಣಗಿ, ಗೋಡೆಗೆ ಗಾರೆಯಾಗಿ, ನಾವು ಒಳಗೆ ಬಂದು ಹಾಲುಕ್ಕಿಸಿದ ಮೇಲೆ ಆ ಫೋಟೋ ಕೈಗೆ ಬಂತು. ಅಷ್ಟು ಕಾದು ಪಡೆದ ಬಣ್ಣದ ಫೋಟೋವನ್ನು ಫೋನಿಗೆ ಇಳಿಸಿಕೊಂಡು ನನ್ನ ಮೊಮ್ಮಗಳು ಮೊದಲು ಮಾಡಿದ ಕೆಲಸವೆಂದರೆ ಬಣ್ಣ ತೆಗೆದದ್ದು.

“ಅಜ್ಜಿ, ಎಲ್ಲಾ ಬ್ಲ್ಯಾಕ್ ಅಂಡ್ ವೈಟ್ ಮಾಡಿ ಒಂದೇ ಒಂದನ್ನ ಕಲರಲ್ಲಿ ಬಿಡ್ಬೇಕು. ಆಗ ಕಣ್ಣು ಸೀದಾ ಅಲ್ಲಿಗೇ ಹೋಗುತ್ತೆ.”

ಇಲ್ಲದಿದ್ದರೆ ಕಣ್ಣು ಎಲ್ಲಿಗೆ ಹೋಗುತ್ತದಮ್ಮ, ಅಡುಗೆಮನೆಗಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

“ಅಮ್ಮನ ಸೀರೆ, ಕುಂಕುಮ ಕೆಂಪಗಿರ್ಲಿ ಕಣೇ, ಲಕ್ಷಣವಾಗಿರುತ್ತೆ,” ಎಂದು ಗೀತಾ ಒಳಗಿನಿಂದಲೇ ಕೂಗಿದಳು. ಅವಳು ತಾಂಬೂಲದ ಚೀಲಗಳಿಗೆ ಅಡಿಕೆ ತುಂಬುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಅನಘಾ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ನಾನು ಕೆಂಪು ಸೀರೆಯಲ್ಲಿ ರಸ್ತೆಯ ಸಿಗ್ನಲ್ಲಿನ ಹಾಗೆ ಉರಿಯುತ್ತ ನಿಂತಿದ್ದೆ. ಪಕ್ಕದಲ್ಲಿ ಅವರು ವಿಭೂತಿಯಲ್ಲಿ ಅದ್ದಿ ತೆಗೆದ ಹಾಗೆ ಬೂದುಬಣ್ಣಕ್ಕೆ ತಿರುಗಿದ್ದರು. ಇರುವವಳಿಗೆ ಬಣ್ಣ, ಹೋದವರಿಗೆ ಬೂದಿ. ಇದನ್ನು ಹೇಳಿಕೊಡಲು ಫೋನು ಬೇರೆ ಬೇಕಿತ್ತೇ? ಅದಿರಲಿ, ನನ್ನ ಕಣ್ಣು ನಿಂತದ್ದು ಸೀರೆಯ ಮೇಲಲ್ಲ, ಅವರ ಬಲಗೈ ಮೇಲೆ. ಕೈಯಲ್ಲಿ ಏನೂ ಇರಲಿಲ್ಲ.

“ಅಲ್ಲೊಂದು ವೈರ್ ಬ್ಯಾಗ್ ಇತ್ತು ಅಜ್ಜಿ. ಒಂಥರಾ ಅಡ್ಡ ಕಾಣ್ತಿತ್ತು, ತೆಗೆದ್ಬಿಟ್ಟೆ. ಗೊತ್ತೇ ಆಗಲ್ಲ ನೋಡು.”

ಗೊತ್ತಾಗುತ್ತಿತ್ತು. ಬುಟ್ಟಿ ಇದ್ದ ಜಾಗಕ್ಕೆ ಫೋನು ತಾನಾಗಿಯೇ ಒಂದು ಬುಟ್ಟಿ ಜಲ್ಲಿ ಸುರಿದು ಮುಚ್ಚಿತ್ತು. ಆದರೆ ಬೆರಳುಗಳು ಮಡಿಸಿದ್ದು ಮಡಿಸಿದ ಹಾಗೇ ಇದ್ದವು. ಬಸ್ಸಿನ ಕಂಬಿ ಹಿಡಿದು ನಿಂತವರ ಹಾಗೆ, ಬಸ್ಸೂ ಇಲ್ಲ, ಕಂಬಿಯೂ ಇಲ್ಲ.

“ಹೇಗಿದೆ?” ಎಂದಳು.

“ಚೆನ್ನಾಗಿದೆ,” ಎಂದೆ.

ಅವಳು ಆ ಕ್ಷಣವೇ ಅದನ್ನು ಫ್ರೇಮಿನ ಅಂಗಡಿಗೆ ಕಳಿಸಿಬಿಟ್ಟಳು. ಈಗಿನ ಕಾಲದಲ್ಲಿ ಪಶ್ಚಾತ್ತಾಪ ಪಡುವುದಕ್ಕೂ ವ್ಯವಧಾನ ಕೊಡುವುದಿಲ್ಲ.

ಆ ಬುಟ್ಟಿಯ ಕಥೆ ನಿಮಗೆ ಗೊತ್ತಿಲ್ಲ. ನಾನು ಹೇಳಿದ್ದರೆ ತಾನೇ ಗೊತ್ತಾಗುವುದು. ಮದುವೆಯಾಗಿ ರಾಜಾಜಿನಗರದ ವಠಾರಕ್ಕೆ ಬಂದಾಗ ನನಗೆ ಬಾಗಿಲು ದಾಟುವುದೆಂದರೆ ಹೆದರಿಕೆ. ನಲ್ಲಿಯ ಹತ್ತಿರ ಏಳು ಮನೆಯ ಹೆಂಗಸರು ನಿಂತಿರುತ್ತಿದ್ದರು. ಎಲ್ಲರೂ ಹೋದ ಮೇಲೆ ಹೋಗುತ್ತಿದ್ದೆ, ಅಷ್ಟು ಹೊತ್ತಿಗೆ ನೀರೂ ಹೋಗಿರುತ್ತಿತ್ತು. ಎದುರು ಮನೆಯ ಸರೋಜಮ್ಮ ಎಂಬುವವರು ಒಂದು ದಿನ ಒಂದು ಕಟ್ಟು ಪ್ಲಾಸ್ಟಿಕ್ ವೈರು ತಂದು ನನ್ನ ಮಡಿಲಿಗೆ ಹಾಕಿ, “ಕೂತ್ಕೊಂಡು ಗೋಡೆ ನೋಡೋ ಬದ್ಲು ಇದನ್ನ ಹೆಣಿ ಬಾ,” ಎಂದರು. ಗಿಣಿಹಸಿರು ವೈರು. ಅಡಿ ಕಟ್ಟಿ, ಗಂಟಿನ ಮೇಲೆ ಗಂಟು ಹಾಕಿ ಮೇಲಕ್ಕೆ ಏರಿಸುವುದು. ಮುಕ್ಕಾಲು ಭಾಗ ಏರುವಷ್ಟರಲ್ಲಿ ಹಸಿರು ಮುಗಿಯಿತು. ಅಂಗಡಿಗೆ ಹೋಗಿ ಕೇಳುವ ಧೈರ್ಯ ನನಗೆಲ್ಲಿ? ಸರೋಜಮ್ಮನವರ ಮನೆಯಲ್ಲಿ ಉಳಿದಿದ್ದ ಗುಲಾಬಿ ವೈರಿನಲ್ಲಿ ನಾಲ್ಕು ಸಾಲು ಹಾಕಿ ಮುಗಿಸಿದೆ. ಒಂದು ಮಗ್ಗುಲಿಗೆ ಅದು ಹೇಗೋ ಐದು ಸಾಲಾಗಿತ್ತು. ಹಾಗಾಗಿ ಬುಟ್ಟಿ ನೆಲದ ಮೇಲಿಟ್ಟರೆ ಎಡಕ್ಕೆ ವಾಲುತ್ತಿತ್ತು, ಕಿವಿ ಮಂದವಾದವರು ಮಾತು ಕೇಳಿಸಿಕೊಳ್ಳುವ ಹಾಗೆ.

ಅದನ್ನು ಮಂಚದ ಕೆಳಗೆ ಬಚ್ಚಿಟ್ಟೆ. ನಿಮ್ಮ ತಾತ ಚಪ್ಪಲಿ ಹುಡುಕುವಾಗ ಸಿಕ್ಕಿತು. ಮಾರನೆಯ ದಿನ ಅದರಲ್ಲೇ ಊಟದ ಡಬ್ಬಿ ಇಟ್ಟುಕೊಂಡು ಕಾರ್ಖಾನೆಗೆ ಹೊರಟರು. ಬೇರೆಯವರೆಲ್ಲ ಕಪ್ಪು ರೆಕ್ಸಿನ್ ಚೀಲದಲ್ಲಿ ಡಬ್ಬಿ ಒಯ್ಯುತ್ತಿದ್ದ ಕಾಲ. ಗೇಟಿನ ಹತ್ತಿರ ಅವರನ್ನು “ಏನ್ ಗುರು, ಸಂತೆಗೆ ಹೊರಟ್ಯಾ?” ಎಂದು ಕೇಳುತ್ತಿದ್ದರಂತೆ. ನನಗೆ ನಾಚಿಕೆಯಾಗಿ, “ಅದನ್ಯಾಕ್ರೀ ತಗೊಂಡ್ ಹೋಗ್ತೀರಾ, ನಾಲ್ಕು ಜನ ನಗ್ತಾರೆ,” ಎಂದೆ.

“ಬಸ್ಸಲ್ಲಿ ಅದಲು ಬದಲಾಗಲ್ಲ ಕಣೇ. ಇಷ್ಟು ಸೊಟ್ಟ ಇರೋದು ಇಡೀ ಬೆಂಗಳೂರಲ್ಲಿ ಇದೊಂದೇ.”

ಇದು ಹೊಗಳಿಕೆಯೋ ಬೈಗುಳವೋ ಎಂದು ನಾನು ಬಹಳ ವರ್ಷ ಯೋಚಿಸಿದ್ದೇನೆ. ಅವರು ಮಾತ್ರ ರಿಟೈರ್ ಆಗುವ ತನಕ ಬುಟ್ಟಿ ಬಿಡಲಿಲ್ಲ. ಮೋಲ್ಡಿನ ದಿನ ಫೋಟೋ ತೆಗೆಯುವ ಗೆಳೆಯರು, “ಆ ಬುಟ್ಟಿ ಅತ್ಲಾಗಿಡಯ್ಯ, ಫೋಟೋ ಕೆಡುತ್ತೆ,” ಎಂದರು. ಇವರು, “ಅದೂ ಬರ್ಲಿ,” ಎಂದು ಇನ್ನೂ ಸ್ವಲ್ಪ ಮುಂದಕ್ಕೆ ಹಿಡಿದರು. ಅವತ್ತು ಆ ಗೆಳೆಯರ ಕೈಯಲ್ಲಿ ಆಗದ ಕೆಲಸವನ್ನು ನನ್ನ ಮೊಮ್ಮಗಳು ಬೆರಳಲ್ಲಿ ಒಂದು ಗೆರೆ ಎಳೆದು ಮಾಡಿ ಮುಗಿಸಿದಳು.

ಬುಟ್ಟಿ ಈಗ ಮನೆಯಲ್ಲೂ ಇಲ್ಲ. ಕೊನೆಕೊನೆಗೆ ಅದರ ಒಂದು ಕಡೆಯ ಹಿಡಿ ಕಿತ್ತುಹೋಗಿ, ಈರುಳ್ಳಿ ತುಂಬಿಡಲು ಬಳಸುತ್ತಿದ್ದೆ. ಮಹಡಿ ಕಟ್ಟುವಾಗ ಗೀತಾ ಅದನ್ನೆತ್ತಿ, “ಅಮ್ಮ, ಇದನ್ನ ಎಸೀಲಾ?” ಎಂದಳು. “ಎಸಿ,” ಎಂದೆ. ಕೇಳಿದ್ದಕ್ಕೆ ಉತ್ತರ.

ಊಟವಾದ ಮೇಲೆ ಮಲಗಿದೆ. ಕಣ್ಣು ಮುಚ್ಚಿದರೆ ಆ ಖಾಲಿ ಮುಷ್ಟಿ. ಎದ್ದು ಸೆರಗು ಸರಿಮಾಡಿಕೊಂಡು, ಹಾಲು ತರುತ್ತೇನೆಂದು ಸುಳ್ಳು ಹೇಳಿ, ನಾಗರಭಾವಿ ಸರ್ಕಲ್ಲಿನ ಫ್ರೇಮಿನ ಅಂಗಡಿಗೆ ನಡೆದೇ ಹೋದೆ. ಅಂಗಡಿಯ ಮುಂದೆ ನಿಂತು ಒಳಗಿದ್ದವರು ನನ್ನನ್ನು ಕೇಳಲಿ ಎಂದು ಕಾದೆ. ನನ್ನ ಹಿಂದೆ ಬಂದ ಮೂವರು ಕೆಲಸ ಮುಗಿಸಿಕೊಂಡು ಹೋದರು.

“ಹೇಳಿ ಅಮ್ಮ,” ಎಂದ ಕೊನೆಗೆ ಅಂಗಡಿಯಾತ.

“ಬೆಳಿಗ್ಗೆ ಒಂದು ಫೋಟೋ ಬಂದಿದೆಯಲ್ಲ.”

“ದಿನಕ್ಕೆ ಐವತ್ತು ಬರುತ್ತೆ. ಯಾವುದು?”

“ಕೈಲಿ ಏನೂ ಇಲ್ದೇ ಇರೋದು.”

ಆತ ನನ್ನ ಮುಖವನ್ನೊಮ್ಮೆ, ಕಂಪ್ಯೂಟರನ್ನೊಮ್ಮೆ ನೋಡಿದ. ಕೆಂಪು ಸೀರೆ ಎಂದ ಮೇಲೆ ಸಿಕ್ಕಿತು. “ಸೂಪರಾಗಿದೆಯಲ್ಲಮ್ಮ. ಇನ್ನೇನು ಪ್ರಿಂಟಿಗೆ ಹಾಕ್ಬೇಕು.”

“ಹಾಕ್ಬೇಡಿ. ಅದರಲ್ಲಿ ಬುಟ್ಟಿ ಇಲ್ಲ.”

“ಬುಟ್ಟಿ?”

“ಬುಟ್ಟಿ.”

ಆತ ಒಳ್ಳೆಯವನು, ಮುಂದೆ ಕೇಳಲಿಲ್ಲ. “ಏಳು ಗಂಟೆಗೆ ಪ್ರಿಂಟ್ ಹಾಕ್ತೀನಿ. ಬೆಳಿಗ್ಗೆ ಫ್ರೇಮ್ ಆಗ್ಬೇಕಲ್ವಾ. ಅಷ್ಟರೊಳಗೆ ಬೇರೆ ಕಳಿಸಿದ್ರೆ ಅದು, ಇಲ್ಲಾಂದ್ರೆ ಇದೇ,” ಎಂದ.

ಹಾಲು ಮರೆತು ಮನೆಗೆ ಬಂದೆ. ಬಾಗಿಲಲ್ಲೇ ನಿಂತು, ಉಸಿರು ಸುಧಾರಿಸಿಕೊಳ್ಳುವ ಮುಂಚೆ, ಧೈರ್ಯ ಹೋಗುವ ಮುಂಚೆ ಹೇಳಿದೆ. “ನಂಗೆ ಆ ಬುಟ್ಟಿ ಬೇಕು. ಬಣ್ಣ ಇಡೋದಾದ್ರೆ ಅದಕ್ಕಿಡಿ. ಸೀರೆ ಬೇಡ, ಕುಂಕುಮ ಬೇಡ.”

ಗೀತಾ ಅಡಿಕೆ ಬಿಟ್ಟು ಎದ್ದು ಬಂದಳು. “ಯಾವ ಬುಟ್ಟಿ? ನಾನು ಎಸೆದಿದ್ದಾ? ಅವತ್ತು ಎಸಿ ಅಂದ್ಯಲ್ಲಮ್ಮ.”

“ಅಂದೆ.”

“ಬೇಡ ಅಂತ ಬಾಯ್ಬಿಟ್ಟು ಹೇಳ್ಬೇಕು ತಾನೇ?”

“ಈಗ ಹೇಳ್ತಾ ಇದೀನಲ್ಲ.”

“ಬಂದವರು ಏನಂದ್ಕೋತಾರೆ? ಗಂಡ ಹೆಂಡ್ತಿ ಇಬ್ರೂ ಬೂದು, ಈರುಳ್ಳಿ ಬುಟ್ಟಿಗೆ ಮಾತ್ರ ಕಲರ್ರು.” ಹೀಗೆಂದಳಾದರೂ ಅವಳು ನನ್ನ ಮುಖ ನೋಡಲಿಲ್ಲ. ಮತ್ತೆ ಹೋಗಿ ಅಡಿಕೆ ತುಂಬಲು ಕೂತಳು, ಆದರೆ ಒಂದೇ ಚೀಲಕ್ಕೆ ಎರಡೆರಡು ಸಲ ತುಂಬಿದಳು.

ಅನಘಾಳಿಗೆ ಆ ಹೊತ್ತಿಗೆ ಕಾಲೇಜಿನ ಆನ್‌ಲೈನ್ ಪರೀಕ್ಷೆ. ಬಾಗಿಲು ಹಾಕಿಕೊಂಡಿದ್ದಳು, ಆರೂಮುಕ್ಕಾಲರ ತನಕ ತೆಗೆಯುವ ಹಾಗಿರಲಿಲ್ಲ. ಅವಳು ತಿದ್ದುವ ಮುಂಚೆಯೇ ಫೋಟೋವನ್ನು ನನ್ನ ಫೋನಿಗೂ ಹಾಕಿದ್ದು ಪುಣ್ಯ, ಬುಟ್ಟಿ ಇರುವ ಫೋಟೋ ಅಲ್ಲಿ ಹಾಗೇ ಇತ್ತು. ಉಳಿದವಳು ಏಳನೇ ಕ್ಲಾಸಿನ ಸಿರಿ. ಅವಳ ಕೈಬೆರಳ ತುಂಬ ಮೆಹಂದಿ ಮೆತ್ತಿತ್ತು, ಒಣಗುವ ತನಕ ಏನನ್ನೂ ಮುಟ್ಟುವ ಹಾಗಿಲ್ಲ.

“ನಾನು ಹೇಳ್ಕೊಡ್ತೀನಿ, ನೀನೇ ಮಾಡಜ್ಜಿ. ಸಿಂಪಲ್.”

ನಾನೂ ಏಳನೇ ಕ್ಲಾಸು, ಅವಳೂ ಏಳನೇ ಕ್ಲಾಸು. ಆದರೆ ನನ್ನ ಏಳನೇ ಕ್ಲಾಸಿನಲ್ಲಿ ಬಣ್ಣವೆಂದರೆ ಮೇಷ್ಟ್ರ ಜೇಬಿನ ಒಂದು ಪೆನ್ಸಿಲ್ಲು, ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. ಶನಿವಾರ ಇದ್ದಿಲು, ತೊಂಡೆಸೊಪ್ಪು ಅರೆದು ಬೋರ್ಡಿಗೆ ಬಳಿದು ಕಪ್ಪು ಮಾಡುವ ಕೆಲಸ ಹುಡುಗಿಯರದ್ದು. ಕಪ್ಪು ಮಾಡುವುದರಲ್ಲಿ ನನಗೆ ಆಗಿನಿಂದಲೇ ಕೈ ಪಳಗಿತ್ತು, ಹಾಗಾಗಿ ಮೊದಲ ಹೆಜ್ಜೆ, ಅಂದರೆ ಫೋಟೋವನ್ನೆಲ್ಲ ಕಪ್ಪು ಬಿಳುಪು ಮಾಡುವುದು, ಸಲೀಸಾಗಿ ಆಯಿತು.

“ಮೊದ್ಲು ಬೇರೆ ಫೋಟೋದಲ್ಲಿ ಪ್ರಾಕ್ಟೀಸ್ ಮಾಡು,” ಎಂದಳು ಗುರುಮಾತೆ. ಅಡುಗೆಮನೆಯ ಟೊಮೇಟೊ ತಟ್ಟೆಯ ಫೋಟೋ ತೆಗೆದೆವು. ಒಂದು ಬಣ್ಣ ಆರಿಸಿದರೆ ಅದನ್ನು ಮಾತ್ರ ಉಳಿಸಿ ಮಿಕ್ಕಿದ್ದನ್ನು ಫೋನೇ ಬೂದು ಮಾಡುತ್ತದಂತೆ. ಕೆಂಪು ಆರಿಸಿದೆ. ಟೊಮೇಟೊ ಉಳಿಯಿತು. ಜೊತೆಗೆ ಹಿಂದಿನ ಗ್ಯಾಸ್ ಸಿಲಿಂಡರೂ ಉಳಿಯಿತು, ನೆಲದ ಬಕೆಟ್ಟೂ ಉಳಿಯಿತು, ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರಗಳೆಲ್ಲ ಸಾಲಾಗಿ ಉಳಿದವು.

“ಅಷ್ಟೊಂದು ಬೇಡ, ಆ ಗೆರೆ ಮೇಲಿನ ಚುಕ್ಕೇನ ಈ ಕಡೆ ಎಳಿ.”

ಎಳೆದೆ. ಟೊಮೇಟೊ ಬೂದಾಗಿ ಸಿಲಿಂಡರ್ ಮಾತ್ರ ಉಳಿಯಿತು. ಆ ಕಡೆ ಎಳೆದೆ. ಫೋಟೋದ ಅಂಚಿಗೆ ಸಿಕ್ಕಿದ್ದ ಗೀತಾಳ ಕೈ ಅರಿಶಿನ ಹಚ್ಚಿದ ಹಾಗೆ ಮೂಡಿತು. ನಿಮ್ಮ ಈ ಜಾಣ ಫೋನಿಗೆ ಟೊಮೇಟೊ ಯಾವುದು, ಬಕೆಟ್ಟು ಯಾವುದು ಎಂದು ತಿಳಿಯುವುದಿಲ್ಲ. ಬಣ್ಣ ಒಂದೇ ಆದರೆ ಸಾಕು, ಎಲ್ಲವೂ ಒಂದೇ. ನಾನು ವಿಧವೆಯಾದ ಮೇಲೆ ನೆಂಟರು ನನಗೆ ಕೊಡುವ ಸೀರೆಗಳೂ ಹೀಗೇ. ಯಾವ ನೆಂಟರು ಕೊಟ್ಟರೂ ಬಿಸ್ಕತ್ತಿನ ಬಣ್ಣವೇ. ಬೀರುವಿನಲ್ಲಿ ಅಂಥವು ಹನ್ನೊಂದಿವೆ, ಹನ್ನೊಂದಕ್ಕೂ ಚೆನ್ನಾಗಿದೆ ಎಂದಿದ್ದೇನೆ.

“ಈ ದಾರಿ ಬೇಡ,” ಎಂದಳು ಸಿರಿ. “ಬೆರಳಲ್ಲಿ ಉಜ್ಜೋ ದಾರಿ ಹಿಡಿಯೋಣ. ಉಜ್ಜಿದ ಕಡೆ ಮಾತ್ರ ಹಳೇ ಕಲರ್ ವಾಪಸ್ ಬರುತ್ತೆ.”

ಉಜ್ಜಿದೆ. ಬರಲಿಲ್ಲ. ಪಾತ್ರೆ ಉಜ್ಜಿ ಉಜ್ಜಿ ನನ್ನ ಬೆರಳಿನ ಗೆರೆಗಳು ಸವೆದಿವೆ. ರೇಷನ್ ಅಂಗಡಿಯ ಯಂತ್ರವೂ ಅವನ್ನು ಒಪ್ಪುವುದಿಲ್ಲ. ಒದ್ದೆ ಬಟ್ಟೆಗೆ ಬೆರಳು ಒತ್ತಿ ಮತ್ತೆ ಉಜ್ಜಿದೆ. ಈ ಸಲ ಬಂತು, ಆದರೆ ಬುಟ್ಟಿಯ ಜೊತೆ ನಿಮ್ಮ ತಾತನ ಪಂಚೆಯೂ, ಅರ್ಧ ಜಲ್ಲಿ ರಾಶಿಯೂ ಬಂತು.

“ಅಜ್ಜಿ, ನೆಲ ಒರೆಸ್ತಾ ಇದೀಯಾ? ಮೊದ್ಲು ಎರಡು ಬೆರಳಲ್ಲಿ ಹಿಗ್ಗಿಸಿ ದೊಡ್ಡದು ಮಾಡ್ಕೋ. ಬ್ರಷ್ ಚಿಕ್ಕದು ಮಾಡು. ಆಮೇಲೆ ಉಜ್ಜು.”

“ಇದನ್ನ ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?”

“ನೀನು ಕೇಳ್ಲಿಲ್ಲ.”

ಹೊಸದಾಗಿ ಕಲಿಯುವವರು ಯಾರಾದರೂ ಇದ್ದರೆ ನನ್ನ ಮಾತು ಕೇಳಿ. ಮೊದಲು ಹಿಗ್ಗಿಸಿಕೊಳ್ಳಿ, ಕುಂಚ ಚಿಕ್ಕದು ಮಾಡಿಕೊಳ್ಳಿ. ತಪ್ಪಾದರೆ ಹಿಂದಕ್ಕೆ ಬಾಗಿದ ಬಾಣವಿದೆ, ಅದನ್ನು ಒಮ್ಮೆ ಒತ್ತಿ. ಮೂರು ಸಲ ಒತ್ತಬೇಡಿ, ಸರಿಯಾಗಿ ಮಾಡಿದ್ದೂ ಹೋಗುತ್ತದೆ. ಮತ್ತು ಮೆಹಂದಿ ಹಚ್ಚಿಕೊಂಡವರ ಹತ್ತಿರ ಪಾಠ ಹೇಳಿಸಿಕೊಳ್ಳಬೇಡಿ. ಅವರಿಗೆ ಬಾಯಿ ಬಿಟ್ಟು ಬೇರೆ ಕೆಲಸವಿರುವುದಿಲ್ಲ.

ನಿಜ ಹೇಳಬೇಕೆಂದರೆ ಇದೇನು ಹೊಸ ವಿದ್ಯೆಯಲ್ಲ. ನಮ್ಮ ಅಕ್ಕನ ಮದುವೆ ಫೋಟೋಗೆ ತಾಲೂಕಿನ ಸ್ಟುಡಿಯೋದಲ್ಲಿ ಹೀಗೇ ಬಣ್ಣ ಹಾಕಿಸಿದ್ದರು. ಕಪ್ಪು ಬಿಳುಪು ಫೋಟೋದ ಮೇಲೆ ಸಣ್ಣ ಕುಂಚದಲ್ಲಿ ಮದುಮಗಳ ಸೀರೆಗೆ ಹಸಿರು, ತುಟಿಗೆ ಕೆಂಪು. ಆತನ ಕೈಗೆ ಏನು ಅವಸರವೋ, ಅದೇ ಓಟದಲ್ಲಿ ಭಾವನ ತುಟಿಗೂ ಕೆಂಪು ಹಚ್ಚಿಬಿಟ್ಟಿದ್ದ. ನಮ್ಮ ಭಾವ ಎಲೆ ಅಡಿಕೆ ಮುಟ್ಟಿದವರಲ್ಲ. ಸಾಯುವ ತನಕ ಊರಿನಲ್ಲಿ ಅವರನ್ನು ಕರೆಯುತ್ತಿದ್ದದ್ದು ಮಾತ್ರ ‘ತಾಂಬೂಲದ ಭಾವ’ ಎಂದು. ಅಕ್ಕ ಆ ಫೋಟೋ ಕಂಡಾಗಲೆಲ್ಲ ಸಿಡುಕುತ್ತಿದ್ದಳು. ಭಾವ ಹೋದ ಮೇಲೆ ಅದನ್ನೇ ದಿಂಬಿನ ಹತ್ತಿರ ಇಟ್ಟುಕೊಂಡಿದ್ದಳು.

ಆರು ಗಂಟೆಯಾಯಿತು. ನಾನು ಒಂದೊಂದೇ ಗಂಟು ಉಜ್ಜುತ್ತ ಹೋದೆ. ಹೆಣೆದದ್ದೂ ನಾನೇ, ಈಗ ಮತ್ತೆ ಗಂಟು ಗಂಟಾಗಿ ಹೊರಗೆ ತೆಗೆಯುತ್ತಿರುವುದೂ ನಾನೇ. ಗಿಣಿಹಸಿರು ಕೆಳಗಿನಿಂದ ಮೇಲಕ್ಕೆ ಏರಿತು. ಮುಕ್ಕಾಲಿಗೆ ಬಂದಾಗ ಗುಲಾಬಿ. ಒಂದು, ಎರಡು, ಮೂರು, ನಾಲ್ಕು. ಎಡ ಮಗ್ಗುಲಲ್ಲಿ ಐದು. ಎಷ್ಟು ವರ್ಷವಾದರೂ ತಪ್ಪು ಮಾತ್ರ ಕರಾರುವಾಕ್ಕಾಗಿ ತನ್ನ ಜಾಗದಲ್ಲೇ ಇತ್ತು.

ಆರೂ ನಲವತ್ತೈದಕ್ಕೆ ಅನಘಾ ಪರೀಕ್ಷೆ ಮುಗಿಸಿ ಬಾಗಿಲು ತೆಗೆದಾಗ ನಾನು ಬುಟ್ಟಿಯ ಹಿಡಿಯನ್ನು ಉಜ್ಜಿ ಮುಗಿಸಿದ್ದೆ. ಕತ್ತು ಹಿಡಿದುಕೊಂಡಿತ್ತು. ಅವಳು ಫೋನು ತೆಗೆದುಕೊಂಡು ಹತ್ತಿರದಿಂದ ನೋಡಿದಳು. ಬುಟ್ಟಿಯ ಕಥೆಯನ್ನು ಸಿರಿ ಅಷ್ಟರಲ್ಲಿ ಅರ್ಧ ಸರಿ, ಅರ್ಧ ತಪ್ಪು ಮಾಡಿ ಹೇಳಿಬಿಟ್ಟಳು.

“ಬೆಳಿಗ್ಗೆ ಯಾಕಜ್ಜಿ ಹೇಳ್ಲಿಲ್ಲ ನಂಗೆ?” ಎಂದಳು ಅನಘಾ. ಆಮೇಲೆ ಮೆಲ್ಲಗೆ, “ಸಕತ್ತಾಗಿ ಮಾಡಿದೀಯ. ಇಲ್ಲಿ ಹಿಡಿ ಹತ್ರ ಸ್ವಲ್ಪ ಆಚೆ ಹೋಗಿದೆ. ತಾತನ ಬೆರಳಿಗೂ ಕಲರ್ ಬಂದ್ಬಿಟ್ಟಿದೆ. ತೆಗೆದ್ಬಿಡ್ಲಾ? ಒಂದೇ ನಿಮಿಷ.”

ಕನ್ನಡಕ ಒರೆಸಿಕೊಂಡು ನೋಡಿದೆ. ತಲೆಯಿಂದ ಕಾಲಿನ ತನಕ ಅವರು ಬೂದುಬಣ್ಣ. ಗುಲಾಬಿ ಹಿಡಿಯನ್ನು ಸುತ್ತಿಕೊಂಡ ನಾಲ್ಕು ಬೆರಳು ಮಾತ್ರ ಮಾಗಿದ ಗೋಧಿಯ ಬಣ್ಣ. ಉಗುರಿನ ಹತ್ತಿರ ಕಾರ್ಖಾನೆಯ ಎಣ್ಣೆಯ ಕಪ್ಪು, ಎಷ್ಟು ತೊಳೆದರೂ ಹೋಗದೆ ಇದ್ದದ್ದು, ಅದೂ ಹಾಗೇ.

“ಬೇಡ,” ಎಂದೆ.

ನನ್ನ ಆಯುಷ್ಯದಲ್ಲೇ ಇಷ್ಟು ಬೇಗ ಆ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಗೀತಾ ಯಾವಾಗ ಬಂದು ಹಿಂದೆ ನಿಂತಿದ್ದಳೋ, “ಕಳ್ಸೇ ಅನಘಾ, ಏಳಾಗುತ್ತೆ,” ಎಂದಳು. ಕೈಗೆ ಮೆತ್ತಿದ ಅಡಿಕೆಯ ಧೂಳನ್ನು ಸೆರಗಿಗೆ ಒರೆಸಿಕೊಂಡಳು.

ಫ್ರೇಮು ಮಾರನೆಯ ದಿನ ಬಂತು, ಗೋಡೆಯ ಮೇಲಿದೆ. ಗೃಹಪ್ರವೇಶಕ್ಕೆ ಬಂದವರಲ್ಲಿ ಅರ್ಧ ಜನ ಇದೇನು ಬುಟ್ಟಿ ಎಂದರು, ಪಕ್ಕದ ಮನೆಯವರು ಇಂಥದ್ದು ಎಲ್ಲಿ ಸಿಗುತ್ತೆ ಆಂಟಿ ಎಂದರು. ಒಬ್ಬ ನೆಂಟರ ಹುಡುಗಿ ಮಾತ್ರ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ, “ಬೆರಳ ಹತ್ರ ಎಡಿಟಿಂಗ್ ಸರಿಯಾಗಿಲ್ಲ ಅಜ್ಜಿ, ಫೈಲ್ ಕಳ್ಸಿ, ಸರಿ ಮಾಡ್ಕೊಡ್ತೀನಿ,” ಎಂದಳು. ಅವಳ ಕೈಗೆ ತಾಂಬೂಲದ ಚೀಲ ಕೊಟ್ಟು ಊಟಕ್ಕೆ ಕೂರಿಸಿದೆ. ಮುಂದೆ ಯಾವತ್ತಾದರೂ ನಿಮ್ಮಿಬ್ಬರಿಗೂ ಆ ಬೆರಳುಗಳನ್ನು ಸರಿಮಾಡಬೇಕೆನಿಸಬಹುದು. ನಾನು ಆಗ ಇದ್ದರೆ ಬಂದು ನನ್ನನ್ನು ಕೇಳಿ. ಇಲ್ಲದಿದ್ದರೆ ಕೇಳಿದಿರಿ, ಅಜ್ಜಿ ಬೇಡ ಎಂದಳು ಎಂದೇ ತಿಳಿದುಕೊಳ್ಳಿ.